ಯಾವ ಮಷೀನು, ಯಾರ ಕೈಗೆ? ಹತ್ತಾರು ಜನ ಬಳಸುವ ವರ್ಕ್‌ಶಾಪಿಗೆ ಬೀಗ ಹಾಕುವ ಬಗೆ

ಈ ಕೆಲಸ ಶುರು ಮಾಡೋಕೆ ಕಾರ್ಡೂ ಬೇಡ, ಕಂಪ್ಯೂಟರೂ ಬೇಡ. ಒಂದು ಸೀಮೆಸುಣ್ಣ ಸಾಕು. ವರ್ಕ್‌ಶಾಪ್ ಖಾಲಿ ಇರುವ ಹೊತ್ತು ನೋಡಿಕೊಂಡು ಒಂದು ಸುತ್ತು ಬನ್ನಿ. ಪ್ರತಿ ಮಷೀನಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಏನೂ ಗೊತ್ತಿಲ್ಲದವರು ಇದನ್ನು ಆನ್ ಮಾಡಿದರೆ ಮೊದಲ ಒಂದು ನಿಮಿಷದಲ್ಲಿ ಏನಾಗಬಹುದು? ಬೆರಳೋ ಕಣ್ಣೋ ಜೀವವೋ ಹೋಗುವ ಹಾಗಿದ್ದರೆ ಅದರ ಮುಂದೆ ನೆಲದ ಮೇಲೆ ಒಂದು ಗೀಟು ಎಳೆಯಿರಿ. ಮಷೀನು ಕೆಡುತ್ತದೆ, ದುಡ್ಡು ದಂಡವಾಗುತ್ತದೆ ಅನ್ನುವಷ್ಟೇ ಆದರೆ ಗೀಟು ಬೇಡ.

ನಮ್ಮದು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ಹಳೇ ಶೆಡ್. ಸುಮಾರು 60 ಜನ ತಿಂಗಳ ಚಂದಾ ಕೊಟ್ಟು ಬಳಸುತ್ತೇವೆ. ಸಾಫ್ಟ್‌ವೇರಿನವರು ಜಾಸ್ತಿ. ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಒಂದಷ್ಟು. ಮನೆಗೆ ಬೇಕಾದ ಕಪಾಟು, ಮಂಚ ತಾವೇ ಮಾಡಿಕೊಳ್ಳುವವರು ಕೆಲವರು. ಜೊತೆಗೆ ಎಚ್‌ಎಂಟಿಯಲ್ಲಿ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಮಷೀನು) ನಡೆಸಿ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಎಲ್ಲರಿಗೂ ಅವರು ಮೇಷ್ಟ್ರು. ನಾವು ಸುತ್ತು ಬಂದ ದಿನ 19 ಮಷೀನುಗಳಲ್ಲಿ 7ಕ್ಕೆ ಗೀಟು ಬಿತ್ತು: ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), ರಂದಾ ಮಷೀನ್, ಲೇತ್, ಲೇಸರ್ ಕಟರ್, ವೆಲ್ಡಿಂಗ್ ಸೆಟ್, ಆಂಗಲ್ ಗ್ರೈಂಡರ್. ಏಳನೆಯದು ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ಲಿಂಗ್ ಮಷೀನ್. ಅದಕ್ಕೆ ಮಾತ್ರ ಜಗಳವಾಯಿತು. "ಡ್ರಿಲ್ಲಿಗೂ ಬೀಗಾನಾ ಸಾರ್?" ಅಂತ ಕೆಲವರು ನಕ್ಕರು. ಮೇಷ್ಟ್ರು ಏನೂ ಹೇಳಲಿಲ್ಲ. ನಕ್ಕವರ ಕೊರಳಲ್ಲಿ ನೇತಾಡುತ್ತಿದ್ದ ಆಫೀಸ್ ಟ್ಯಾಗನ್ನು ಹಿಡಿದು ಮೆಲ್ಲಗೆ ಡ್ರಿಲ್ ಬಿಟ್ಟನ್ನು ಹಿಡಿದು ತಿರುಗುವ ಚಕ್ಕಿನ ಹತ್ತಿರ ಒಯ್ದು ತೋರಿಸಿದರು. ತಿರುಗುವ ಚಕ್ಕಿಗೆ ಆ ದಾರ ಒಂದು ಸಲ ಸುತ್ತಿಕೊಂಡರೆ ಹಿಂದೆಯೇ ಕುತ್ತಿಗೆ ಹೋಗುತ್ತದೆ. ದುಪಟ್ಟಾ, ಜಡೆ, ಕೈಗೆ ಕಟ್ಟಿದ ದೇವರ ದಾರ, ಉದ್ದ ತೋಳಿನ ಸ್ವೆಟರ್, ಎಲ್ಲಕ್ಕೂ ಇದೇ ಮಾತು. ಹತ್ತಿಯ ಗ್ಲೌಸ್ ಕೂಡ. ಕೈಗೆ ರಕ್ಷಣೆ ಅಂತ ಹಾಕಿಕೊಂಡ ಗ್ಲೌಸೇ ಲೇತ್ ಮತ್ತು ಡ್ರಿಲ್ಲಿನಲ್ಲಿ ಕೈಯನ್ನು ಒಳಗೆಳೆಯುತ್ತದೆ.

ಗೀಟು ಬಿದ್ದದ್ದಕ್ಕೆ ಮಾತ್ರ ಬೀಗ. ಇದರಲ್ಲಿ ಜಿಪುಣತನ ಬೇಕು. ಸೋಲ್ಡರಿಂಗ್ ಐರನ್‌ಗೂ ತ್ರೀಡಿ ಪ್ರಿಂಟರಿಗೂ ಅನುಮತಿ ಕೇಳಲು ಹೊರಟರೆ ಜನ ಬೇಸತ್ತು ಕಳ್ಳದಾರಿ ಹುಡುಕುತ್ತಾರೆ. ಒಂದು ಕಡೆ ಕಂಡುಕೊಂಡ ಕಳ್ಳದಾರಿಯನ್ನು ಟೇಬಲ್ ಸಾಗೂ ಬಳಸುತ್ತಾರೆ.

ಎರಡನೇ ಹೆಜ್ಜೆ: ಬೀಗ ಬಾಗಿಲಿಗಲ್ಲ, ಕರೆಂಟಿಗೆ

ಅಪಾಯದ ಮಷೀನುಗಳನ್ನೆಲ್ಲ ಒಂದು ಕೋಣೆಗೆ ಹಾಕಿ ಬಾಗಿಲಿಗೆ ಬೀಗ ಹಾಕೋಣ ಅಂತ ಎಲ್ಲರಿಗೂ ಮೊದಲು ಹೊಳೆಯುತ್ತದೆ. ನಮಗೂ ಹೊಳೆದಿತ್ತು. ಆದರೆ ಬಾಗಿಲು ಒಬ್ಬರಿಗೆ ತೆರೆದರೆ ಹಿಂದೆ ನಾಲ್ವರು ಬರುತ್ತಾರೆ. ಲೇತ್ ಕಲಿತವರು ಒಳಗೆ ಹೋದ ಮೇಲೆ ಕಲಿಯದ ಟೇಬಲ್ ಸಾ ಮುಟ್ಟುವುದನ್ನು ಯಾವ ಬಾಗಿಲೂ ತಡೆಯದು. ಇನ್ನೂ ಕೆಟ್ಟದ್ದೆಂದರೆ, ಒಳಗೆ ಪೆಟ್ಟಾಗಿ ಬಿದ್ದವರು ಹೊರಗಿನವರಿಗೆ ಕಾಣುವುದಿಲ್ಲ. ಮಷೀನು ಎಲ್ಲರ ಕಣ್ಣೆದುರು ಇರಲಿ, ಅದರ ಕರೆಂಟು ಮಾತ್ರ ಬೀಗದೊಳಗೆ ಇರಲಿ.

ಮೊದಲ ಮೂರು ತಿಂಗಳು ಸಾದಾ ಬೀಗ ಮತ್ತು ಒಂದು ನೋಟ್ ಬುಕ್ ಸಾಕು. ಪ್ಲಗ್ಗನ್ನು ಒಳಗಿಟ್ಟು ಬೀಗ ಹಾಕುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ಪ್ಲಗ್ ಇಲ್ಲದೆ ನೇರ ವೈರಿಂಗ್ ಇರುವ ಮಷೀನಿಗೆ ಬೀಗ ಹಾಕಲು ಬರುವ ಐಸೊಲೇಟರ್ (ಕರೆಂಟನ್ನು ಪೂರ್ತಿ ಕಡಿಯುವ ಸ್ವಿಚ್ಚು) ಹಾಕಿಸಿ. ಬೀಗದ ಕೈ ಆ ದಿನದ ಉಸ್ತುವಾರಿಯವರ ಹತ್ತಿರ ಇರಲಿ. ಪಡೆದವರು ಹೆಸರು, ಹೊತ್ತು, ಮಷೀನು ಬರೆದು ಸಹಿ ಮಾಡಲಿ. ಇದು ಓಬಿರಾಯನ ಕಾಲದ ಪದ್ಧತಿ ಅನಿಸಬಹುದು. ಆದರೆ ಯಾವ ಮಷೀನಿಗೆ ಬೇಡಿಕೆ ಜಾಸ್ತಿ, ಯಾರು ರಾತ್ರಿ ಹತ್ತಕ್ಕೆ ಬರುತ್ತಾರೆ, ಉಸ್ತುವಾರಿಯವರು ಟೀ ಕುಡಿಯೋಕೆ ಹೋದಾಗ ಏನಾಗುತ್ತದೆ, ಇದೆಲ್ಲ ಆ ನೋಟ್ ಬುಕ್ಕಿನಲ್ಲೇ ಗೊತ್ತಾಗುತ್ತದೆ. ಮೂರು ತಿಂಗಳು ಅದನ್ನೇ ಸರಿಯಾಗಿ ನಡೆಸಲಾಗದಿದ್ದರೆ ಕಾರ್ಡ್ ಹಾಕಿದರೂ ಅಷ್ಟೇ.

ಆಂಗಲ್ ಗ್ರೈಂಡರಿನ ದಾರಿಯೇ ಬೇರೆ. ಅದು ಕೈಯಲ್ಲಿ ಹಿಡಿಯುವಂಥದ್ದು, ಯಾವ ಪ್ಲಗ್ಗಿಗಾದರೂ ಚುಚ್ಚಬಹುದು. ಅದನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಕಪಾಟಿಗೇ ಬೀಗ ಹಾಕಿ. ಡಿಸ್ಕುಗಳೂ ಅಲ್ಲೇ ಇರಲಿ, ಮನೆಯಿಂದ ತಂದ ಡಿಸ್ಕ್ ಹಾಕುವಂತಿಲ್ಲ. ಕಟಿಂಗ್ ಡಿಸ್ಕಿನ ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ. ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುವ 4 ಇಂಚಿನ ಡಿಸ್ಕ್ ಒಡೆದರೆ ಚೂರು ಎತ್ತ ಹೋಗುತ್ತದೋ ಹೇಳಲಾಗದು. ಇನ್ನೊಂದು ಮಾತು. ಗ್ರೈಂಡರಿನ ಗಾರ್ಡ್ ಬಿಚ್ಚಿ, ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ ಪ್ಲೈವುಡ್ ಕತ್ತರಿಸುವುದನ್ನು ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇಂಟೀರಿಯರ್ ಕೆಲಸ ನಡೆಯುವಾಗ ನೀವೇ ನೋಡಿರುತ್ತೀರಿ. "ಅವರು ದಿನಾ ಮಾಡ್ತಾರಲ್ಲ" ಅನ್ನುವ ವಾದ ಬರುತ್ತದೆ. ಬರಲಿ. ಅಂಥ ಬ್ಲೇಡ್ ನಮ್ಮ ಶೆಡ್ಡಿನೊಳಗೆ ಬರುವಂತಿಲ್ಲ. ಚರ್ಚೆಯೇ ಇಲ್ಲದ ನಿಯಮ ನಮ್ಮಲ್ಲಿ ಇದೊಂದೇ.

ಮೂರನೇ ಹೆಜ್ಜೆ: ಕಾರ್ಡು ಅನುಮತಿ ಕೊಡಲಿ, ಹಸಿರು ಬಟನ್ ಓಡಿಸಲಿ

ಈಗ ಎಲೆಕ್ಟ್ರಾನಿಕ್ಸ್. ನಮ್ಮ ಸಾಫ್ಟ್‌ವೇರ್ ಗೆಳೆಯರು ಕಾದು ಕೂತಿದ್ದ ಭಾಗ. ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್), ಒಂದು ಆರ್‌ಸಿ522 ಕಾರ್ಡ್ ರೀಡರ್, ಒಂದು ಚಿಕ್ಕ ರಿಲೇ (ಬೋರ್ಡ್ ಹೇಳಿದಂತೆ ಕರೆಂಟ್ ಬಿಡುವ, ಕಡಿಯುವ ಸ್ವಿಚ್ಚು), ಹೆಸರು ತೋರಿಸಲು ಅಂಗೈ ಅಗಲದ ಸ್ಕ್ರೀನ್. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದು ಮಧ್ಯಾಹ್ನದ ಕೆಲಸ. ರೀಡರ್ 3.3 ವೋಲ್ಟಿನದು, 5 ವೋಲ್ಟ್ ಕೊಟ್ಟರೆ ಸುಡುತ್ತದೆ. ಅದನ್ನು ಕಬ್ಬಿಣದ ಪ್ಯಾನಲ್ಲಿಗೆ ನೇರ ಅಂಟಿಸಿದರೆ ಕಾರ್ಡ್ ಓದುವುದೇ ಇಲ್ಲ. ಲೋಹ ಅದರ ಅಲೆಗಳನ್ನು ಕೆಡಿಸುತ್ತದೆ. ನಾವು ಅರ್ಧ ದಿನ ಕೋಡಿನಲ್ಲಿ ತಪ್ಪು ಹುಡುಕಿ, ಕೊನೆಗೆ ಪ್ಯಾನಲ್ಲಿನಲ್ಲಿ ಕಿಂಡಿ ಕೊರೆದು ಅಕ್ರಿಲಿಕ್ ತುಂಡು ಕೂರಿಸಿದ ಮೇಲೆ ಓದಿತು.

ನಿಜವಾದ ತಪ್ಪು ಮಾಡಿದ್ದು ರಿಲೇಯಲ್ಲಿ. ನಮ್ಮ ಟೇಬಲ್ ಸಾ 2 ಎಚ್‌ಪಿ, ಸಿಂಗಲ್ ಫೇಸ್. ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ. ರಿಲೇ ಮೇಲೆ "10 ಆಂಪಿಯರ್" ಅಂತ ಬರೆದಿತ್ತು. ಸಾಕಲ್ಲ ಅಂದುಕೊಂಡೆವು. ಆದರೆ ಮೋಟಾರು ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಎರಡನೇ ವಾರದಲ್ಲಿ ರಿಲೇಯ ಒಳಗಿನ ತುದಿಗಳು ಬೆಸೆದುಕೊಂಡವು. ಕಾರ್ಡ್ ತೆಗೆದರೂ ಗರಗಸ ನಿಲ್ಲಲಿಲ್ಲ. ಸ್ಕ್ರೀನ್ ಮೇಲೆ ಮಾತ್ರ "ಬಂದ್" ಅಂತ ಅಕ್ಷರ, ಪಕ್ಕದಲ್ಲಿ ಬ್ಲೇಡು ಗುಯ್ಯೆನ್ನುತ್ತಿತ್ತು. ಮೇನ್ ಆಫ್ ಮಾಡಿದ ಮೇಲೆ ನಿಂತಿತು. ಆವತ್ತು ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಅವರು ಮಾಡಿಕೊಟ್ಟದ್ದು ಹಳ್ಳಿಯ ಪಂಪ್‌ಸೆಟ್ ಮನೆಯಲ್ಲಿ ಕಾಣುವಂಥದ್ದೇ ಸ್ಟಾರ್ಟರ್: ಹಸಿರು ಬಟನ್, ಕೆಂಪು ಬಟನ್, ಒಳಗೊಂದು ಕಾಂಟ್ಯಾಕ್ಟರ್ (ಮೋಟಾರಿನ ಕರೆಂಟ್ ತಾಳುವ ದೊಡ್ಡ ರಿಲೇ), ಓವರ್‌ಲೋಡ್ ರಿಲೇ (ಮೋಟಾರು ಮಿತಿ ಮೀರಿ ಕರೆಂಟ್ ಎಳೆದರೆ ಕಡಿಯುವಂಥದ್ದು). ಕಾಂಟ್ಯಾಕ್ಟರ್ ಕೊಳ್ಳುವಾಗ ಅದರ ಎಸಿ-3 ಆಂಪಿಯರ್ ಎಷ್ಟು ಅಂತ ನೋಡಿ. ಮೋಟಾರಿಗೆ ಲೆಕ್ಕಕ್ಕೆ ಬರುವುದು ಅದು. ಪಕ್ಕದಲ್ಲೇ ದೊಡ್ಡದಾಗಿ ಬರೆದಿರುವ ಎಸಿ-1 ಸಂಖ್ಯೆ ಹೀಟರಿನಂಥದ್ದಕ್ಕೆ. ನಮ್ಮ ಕಾರ್ಡ್ ರಿಲೇ ಈಗ ಕಾಂಟ್ಯಾಕ್ಟರನ್ನು ಹಿಡಿದಿಡುವ ಕಾಯಿಲ್ಲಿನ ದಾರಿಯಲ್ಲಿ ಕೆಂಪು ಬಟನ್ನಿನ ಜೊತೆ ಒಂದೇ ಸಾಲಿನಲ್ಲಿ ಕೂತಿದೆ. ಅದರ ಮೂಲಕ ಹರಿಯುವುದು ತೀರಾ ಕಡಿಮೆ ಕರೆಂಟು.

ಈ ಜೋಡಣೆಯಿಂದ ಆಗುವುದು ಇಷ್ಟು. ಕಾರ್ಡ್ ಇಟ್ಟರೆ ಮಷೀನು ಓಡುವುದಿಲ್ಲ, ಓಡಲು ಒಪ್ಪಿಗೆ ಸಿಗುತ್ತದೆ ಅಷ್ಟೇ. ಓಡಬೇಕಾದರೆ ಮನುಷ್ಯರು ಹಸಿರು ಬಟನ್ ಒತ್ತಬೇಕು. ಈ ಎರಡನ್ನು ಯಾವತ್ತೂ ಒಂದು ಮಾಡಬೇಡಿ. ಅಗ್ಗದ ರಿಲೇ ಬೋರ್ಡುಗಳು ಇಎಸ್‌ಪಿ32 ಆನ್ ಆಗುವ ಹೊತ್ತಿಗೆ ಒಮ್ಮೊಮ್ಮೆ ತಾವಾಗಿ ಟಕ್ಕೆನ್ನುತ್ತವೆ. ಒಪ್ಪಿಗೆ ಬೇರೆ, ಓಡುವುದು ಬೇರೆ ಆಗಿದ್ದರೆ ಆ ಟಕ್ಕಿನಿಂದ ಏನೂ ಆಗದು.

ಕರೆಂಟ್ ಹೋಗಿ ಬಂದಾಗಲೂ ಇದೇ ಕಾಪಾಡುತ್ತದೆ. ಕಾಂಟ್ಯಾಕ್ಟರ್ ಒಮ್ಮೆ ಬಿಟ್ಟರೆ ಮತ್ತೆ ಹಸಿರು ಒತ್ತುವ ತನಕ ಹಿಡಿಯುವುದಿಲ್ಲ. ತೋಟದಲ್ಲಿ ಕರೆಂಟ್ ಬಂದ ಕೂಡಲೇ ಪಂಪ್ ತಾನಾಗಿ ಓಡಲಿ ಅಂತ ಆಟೋ ಹಾಕಿಸುತ್ತಾರಲ್ಲ, ಅದು ಇಲ್ಲಿಗೆ ಮಾತ್ರ ಬರಲೇಬಾರದು. ಬೆಂಗಳೂರಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದೆ. ಸಂಜೆ ಕರೆಂಟ್ ಹೋಯಿತು ಅನ್ನಿ. ದೀಪ ಆರಿತು. ಆದರೆ ಬ್ಲೇಡು ಇನ್ನೂ ಹಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಕತ್ತಲಲ್ಲಿ ಮರ ಎಲ್ಲಿ, ಬ್ಲೇಡ್ ಎಲ್ಲಿ ಅಂತ ತಡಕುವ ಕೈಯನ್ನು ನೆನೆಸಿಕೊಳ್ಳಿ. ಹಾಗಾಗಿ ಮಷೀನುಗಳ ಮೇಲಿನ ಎಲ್‌ಇಡಿ ದೀಪಗಳನ್ನು ಇನ್ವರ್ಟರಿಗೆ ಕೊಡಿ. ಮಷೀನುಗಳನ್ನು ಇನ್ವರ್ಟರಿಗೆ ಕೊಡಲೇಬೇಡಿ.

ಇನ್ನು ಚಿಕ್ಕಪುಟ್ಟದ್ದು. "ಮಷೀನಿಗೆ ಕರೆಂಟ್ ಇದೆ" ಅನ್ನುವ ಕೆಂಪು ದೀಪವನ್ನು ಕಾಂಟ್ಯಾಕ್ಟರಿನಿಂದ ಆಚೆಗೆ, ಮೋಟಾರಿನ ಕಡೆ ಕೊಡಿಸಿ. ಕಂಪ್ಯೂಟರ್ ಹೇಳಿದ್ದನ್ನು ತೋರಿಸುವ ದೀಪದಿಂದ ಉಪಯೋಗವಿಲ್ಲ. ಎಮರ್ಜೆನ್ಸಿ ಸ್ಟಾಪ್ ಅನ್ನುವ ಅಣಬೆಯಾಕಾರದ ಕೆಂಪು ಗುಂಡಿ ನೇರ ವೈರಿನಲ್ಲೇ ಕಾಯಿಲ್ಲಿಗೆ ಹೋಗಬೇಕು, ನಡುವೆ ಇಎಸ್‌ಪಿ32 ಬರಬಾರದು. ಅದನ್ನು ಒತ್ತೋಕೆ ಯಾರಿಗೂ ಕಾರ್ಡ್ ಬೇಡ. ಟೀ ತಂದುಕೊಡುವ ಹುಡುಗನೂ ಒತ್ತಬಹುದು ಅಂತ ಮೊದಲ ದಿನವೇ ಎಲ್ಲರಿಗೂ ಹೇಳಿ. ಸುಮ್ನೆ ಒತ್ತಿದರೂ ಯಾರೂ ಬೈಯಕೂಡದು.

ಕಾರ್ಡ್ ತಾಗಿಸಿ ಹೋಗುವ ಬದಲು ಒಂದು ಚಿಕ್ಕ ಗೂಡಿನಲ್ಲಿ ಇಟ್ಟೇ ಇರಬೇಕಾದ ಹಾಗೆ ಮಾಡಿದೆವು. ಊಟಕ್ಕೆ ಹೋಗುವವರು ಕಾರ್ಡ್ ತೆಗೆದುಕೊಂಡೇ ಹೋಗುತ್ತಾರೆ, ಮಷೀನ್ ತಾನಾಗಿ ಬಂದ್. ಆದರೆ ಮಷೀನಿನ ಅದುರುವಿಕೆಗೆ ಕಾರ್ಡ್ ಒಂದಿಷ್ಟು ಜರುಗಿದ ಮಾತ್ರಕ್ಕೆ ಕರೆಂಟ್ ಹೋಗಬಾರದು. ಐದು ಸೆಕೆಂಡು ಕಾರ್ಡ್ ಕಾಣದಿದ್ದರೆ ಮಾತ್ರ ಕಡಿಯುವಂತೆ ಬರೆದಿದ್ದೇವೆ. ತಕ್ಷಣ ನಿಲ್ಲಿಸಲು ಕೆಂಪು ಬಟನ್ ಇದ್ದೇ ಇದೆಯಲ್ಲ. ವೈಫೈ ಹೋಯಿತು ಅಂತ ಮಷೀನ್ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು. ಅರ್ಧ ಕೊಯ್ದ ಹಲಗೆ, ನಿಧಾನವಾಗುತ್ತಿರುವ ಬ್ಲೇಡು, ಗಾಬರಿಯಲ್ಲಿ ಹಲಗೆಯನ್ನು ಹಿಂದಕ್ಕೆಳೆಯುವ ಕೈ. ಆಗಲೇ ಹಲಗೆ ಎದೆಗೆ ಒದೆಯುವುದು. ಅನುಮತಿ ಇರುವವರ ಪಟ್ಟಿಯ ಒಂದು ನಕಲು ಪ್ರತಿ ಬೋರ್ಡಿನ ಒಳಗೇ ಇರಲಿ. ಸರ್ವರ್ ಸತ್ತರೂ ಕೆಲಸ ನಡೆಯಲಿ.

ಬೆರಳಚ್ಚು ಯಾಕೆ ಬೇಡ ಅಂತ ಕೇಳಿದವರು ಬಹಳ. ಮರದ ಪುಡಿ, ಗ್ರೀಸ್, ಸವೆದ ಬೆರಳು. ಒಂದು ವಾರ ಪ್ರಯತ್ನಿಸಿದೆವು, ಮೇಷ್ಟ್ರ ಬೆರಳನ್ನು ಅದು ಒಂದು ಸಲವೂ ಗುರುತಿಸಲಿಲ್ಲ.

ನಾಲ್ಕನೇ ಹೆಜ್ಜೆ: ಕಾರ್ಡಿಗೆ ಮೊದಲು ಪಾಠ

ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಇಲ್ಲಿ ಎಡವಿದರೆ ಉಳಿದದ್ದೆಲ್ಲ ದುಬಾರಿ ಸ್ವಿಚ್ಚು ಅಷ್ಟೇ.

ಒಂದು ಮಷೀನಿಗೆ ಒಂದು ಪಾಠ. ಒಂದು ಸಲಕ್ಕೆ ಮೂರು ಜನಕ್ಕಿಂತ ಜಾಸ್ತಿ ಬೇಡ. ವೀಡಿಯೋ ನೋಡಿ ಬಂದು ಪ್ರಶ್ನೆಪತ್ರಿಕೆ ತುಂಬುವ ಪದ್ಧತಿಯನ್ನು ನಾವು ಕೈಬಿಟ್ಟೆವು. ಸಾಫ್ಟ್‌ವೇರಿನವರು ಅದರಲ್ಲಿ ನೂರಕ್ಕೆ ನೂರು ತೆಗೆಯುತ್ತಾರೆ, ಆಮೇಲೆ ಗರಗಸದ ಮುಂದೆ ನೇರ ಬ್ಲೇಡಿನ ಸಾಲಿನಲ್ಲೇ ನಿಲ್ಲುತ್ತಾರೆ.

ಮೇಷ್ಟ್ರ ಪರೀಕ್ಷೆ ಬೇರೆ ಥರ. ಲೇತ್ ಪಾಠ ಮುಗಿದ ಮೇಲೆ ಅವರು "ಸರಿ, ಕಾಫಿ ಕುಡಿದು ಬನ್ನಿ" ಅನ್ನುತ್ತಾರೆ. ಆ ಹತ್ತು ನಿಮಿಷದಲ್ಲಿ ಮೇನ್ ಆಫ್ ಮಾಡಿ ಮಷೀನಿನಲ್ಲಿ ಮೂರು ತಪ್ಪು ಮಾಡಿ ಇಡುತ್ತಾರೆ. ಚಕ್ಕನ್ನು ಬಿಗಿ ಮಾಡುವ ಚಕ್ ಕೀಯನ್ನು ಚಕ್ಕಿನಲ್ಲೇ ಬಿಡುವುದು ಯಾವಾಗಲೂ ಒಂದು. ಕಡೆಯುವ ಉಳಿಯನ್ನು ಹಿಡಿಯುವ ಟೂಲ್ ಪೋಸ್ಟಿನ ಬೋಲ್ಟ್ ಸಡಿಲ ಮಾಡುವುದು ಇನ್ನೊಂದು. ಮೂರನೆಯದು ಪ್ರತಿ ಸಲ ಬೇರೆ. ಕಲಿಯುವವರು ವಾಪಸ್ ಬಂದ ಮೇಲೆ "ಶುರು ಮಾಡಮ್ಮಾ" ಅಂತ ಹೇಳಿ ಕೈ ಕಟ್ಟಿ ನಿಲ್ಲುತ್ತಾರೆ. ಹಸಿರು ಬಟನ್ನಿಗೆ ಬೆರಳು ಹೋಗುವ ಮೊದಲು ಕಣ್ಣು ಚಕ್ಕಿಗೆ ಹೋಯಿತೇ ಅನ್ನುವುದೇ ಪರೀಕ್ಷೆ. ಮೂರೂ ಸಿಕ್ಕಿದರೆ ಕಾರ್ಡ್. ಎರಡು ಸಿಕ್ಕಿದರೆ ಮುಂದಿನ ಶನಿವಾರ. ನಾನು ಎರಡು ಸಲ ಫೇಲಾಗಿದ್ದೇನೆ.

ಟೇಬಲ್ ಸಾಗೆ ಇದನ್ನೇ ಹೊಂದಿಸಿಕೊಳ್ಳಿ: ಕೊಯ್ದ ಸೀಳು ಮುಚ್ಚಿ ಬ್ಲೇಡನ್ನು ಹಿಡಿಯದಂತೆ ಬ್ಲೇಡಿನ ಹಿಂದೆ ಇರುವ ತಗಡು, ಅಂದರೆ ರಿವಿಂಗ್ ನೈಫ್ ತೆಗೆದಿಡಿ, ಹಲಗೆ ನೇರ ಸಾಗಲು ಆನಿಸುವ ಫೆನ್ಸನ್ನು ಸ್ವಲ್ಪ ಓರೆ ಮಾಡಿ, ಹಲಗೆ ತಳ್ಳುವ ಕೋಲನ್ನು ಮರೆಮಾಡಿ. ಲೇಸರಿಗೆ ವಸ್ತುಗಳ ರಾಶಿ ಕೊಟ್ಟು ಯಾವುದನ್ನು ಕತ್ತರಿಸಬಾರದು ಅಂತ ಕೇಳಿ. ಅದರಲ್ಲಿ ಒಂದು ತುಂಡು ರೆಕ್ಸಿನ್ ಇರಲಿ. ಚರ್ಮದ ಹಾಗೇ ಕಾಣುತ್ತದೆ, ಆದರೆ ಮೇಲಿರುವುದು ಸಾಮಾನ್ಯವಾಗಿ ಪಿವಿಸಿ. ಲೇಸರ್ ತಾಗಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಶ್ವಾಸಕೋಶಕ್ಕೂ ಕೆಟ್ಟದ್ದು, ಮಷೀನಿನ ಕಬ್ಬಿಣಕ್ಕೂ ತುಕ್ಕು.

ಪಾಠಕ್ಕೆ ಎರಡು ತಿಂಗಳು ಕಾಯಿಸಬೇಡಿ. ಕಳ್ಳದಾರಿ ಹುಟ್ಟುವುದೇ ಅಲ್ಲಿಂದ. ಕೇಳಿದ ಹತ್ತು ದಿನದೊಳಗೆ ಪಾಠ ಸಿಗದಿದ್ದರೆ ಕಲಿಸುವವರನ್ನು ಹೆಚ್ಚಿಸಿ, ಇಲ್ಲದಿದ್ದರೆ ಸದಸ್ಯರನ್ನು ಕಡಿಮೆ ಮಾಡಿ.

ಆರು ತಿಂಗಳು ಮಷೀನ್ ಮುಟ್ಟದಿದ್ದರೆ ಅನುಮತಿ ತಾನಾಗಿ ಮಲಗುತ್ತದೆ. ಹತ್ತು ನಿಮಿಷ ಜೊತೆಗೆ ನಿಂತು ನೋಡಿದ ಮೇಲೆ ಎಬ್ಬಿಸುತ್ತೇವೆ. ಕಂಪ್ಯೂಟರೇ ಇದನ್ನು ಮಾಡುವುದರಿಂದ ಯಾರಿಗೂ ಮುಖ ಕೆಡುವುದಿಲ್ಲ.

ಐದನೇ ಹೆಜ್ಜೆ: ದಾಕ್ಷಿಣ್ಯಕ್ಕೆ ಮದ್ದು

ಕಾರ್ಡ್ ನಕಲು ಮಾಡುತ್ತಾರೆ ಅಂತ ಹೆದರಿಸುವವರು ಇರುತ್ತಾರೆ. ನಿಜ, ಅಗ್ಗದ ಕಾರ್ಡುಗಳನ್ನು ನಕಲು ಮಾಡುವುದು ಕಷ್ಟವಲ್ಲ. ಅಂಥದ್ದರಲ್ಲಿ ಒಂದಾದ ಮೈಫೇರ್ ಕ್ಲಾಸಿಕ್ ಕಾರ್ಡಿನ ಗುಟ್ಟು 2008ರಲ್ಲೇ ಬಯಲಾಗಿದೆ. ಆದರೆ ನಮ್ಮಲ್ಲಿ ಯಾರೂ ಅಷ್ಟು ಕಷ್ಟಪಡಲಿಲ್ಲ. "ಅಣ್ಣಾ, ಎರಡೇ ನಿಮಿಷ, ನಿಮ್ಮ ಕಾರ್ಡ್ ಕೊಡಿ" ಅಂದರು, ಕೊಟ್ಟರು. ಇಲ್ಲ ಅನ್ನೋಕೆ ನಮಗೆ ಬಾಯಿ ಬರುವುದಿಲ್ಲ, ಅಲ್ವಾ?

ಇದಕ್ಕೆ ಎರಡು ಉಪಾಯ ಕೆಲಸ ಮಾಡಿವೆ. ಸ್ಕ್ರೀನಿನ ಮೇಲೆ ಕಾರ್ಡಿನವರ ಹೆಸರು ದೊಡ್ಡದಾಗಿ ಬರುತ್ತದೆ. ಗರಗಸದ ಮುಂದೆ ಇರುವುದು ಹುಡುಗ, ಸ್ಕ್ರೀನಿನಲ್ಲಿ ಹೆಂಗಸಿನ ಹೆಸರು, ಆಚೆ ಬೆಂಚಿನವರಿಗೂ ಕಾಣುತ್ತದೆ. ಎರಡನೆಯದು, ಶೆಡ್ಡಿನ ಬಾಗಿಲು ತೆಗೆಯುವುದೂ ಅದೇ ಕಾರ್ಡು. ಅದನ್ನು ಕೊಟ್ಟು ಮನೆಗೆ ಹೋಗೋಕೆ ಯಾರೂ ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ಕೊಟ್ಟವರ ಅನುಮತಿ ಒಂದು ತಿಂಗಳು ನಿಲ್ಲುತ್ತದೆ. ಪಡೆದವರದ್ದಲ್ಲ. ಈ ತೀರ್ಮಾನ ಬಂದ ಮೇಲೆ "ಕೊಡೋ ಹಾಗಿಲ್ಲ ಕಣೋ, ನಂದೇ ಹೋಗುತ್ತೆ" ಅನ್ನೋಕೆ ಒಂದು ನೆಪ ಸಿಕ್ಕಿತು.

ಮಾಸ್ಟರ್ ಕಾರ್ಡಿನ ಕಥೆಯನ್ನೂ ಹೇಳಿಬಿಡುತ್ತೇನೆ. ತುರ್ತಿಗೆ ಇರಲಿ ಅಂತ ಒಂದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಮೊಳೆಗೆ ನೇತುಹಾಕಿದ್ದೆವು. ಯಾರು ಯಾವಾಗ ಬಳಸಿದರು ಅಂತ ಕಂಪ್ಯೂಟರ್ ಬರೆದಿಡುವ ಲಾಗನ್ನು ಒಂದು ತಿಂಗಳದ್ದು ನೋಡಿದರೆ ರಂದಾ ಮಷೀನನ್ನು ಅತಿ ಹೆಚ್ಚು ಬಳಸಿದ ಸದಸ್ಯರು "ಮಾಸ್ಟರ್". ಈಗ ಅಂಥ ಕಾರ್ಡೇ ಇಲ್ಲ. ತುರ್ತಿನಲ್ಲಿ ಬೇಕಾಗುವುದು ಮಷೀನು ನಿಲ್ಲಿಸುವುದು, ಓಡಿಸುವುದಲ್ಲ.

ಟೇಬಲ್ ಸಾ ಮತ್ತು ಲೇತಿಗೆ ಇನ್ನೊಂದು ಷರತ್ತು ಇದೆ. ಶೆಡ್ಡಿನಲ್ಲಿ ಕೊನೇ ಪಕ್ಷ ಇಬ್ಬರು ಬಾಗಿಲ ಕಾರ್ಡ್ ತಾಗಿಸಿ ಒಳಗೆ ಬಂದಿರದಿದ್ದರೆ ಅವುಗಳಿಗೆ ಒಪ್ಪಿಗೆ ಸಿಗುವುದಿಲ್ಲ. ಒಬ್ಬರೇ ಇದ್ದಾಗ ಬೆರಳು ಹೋದರೆ 108ಕ್ಕೆ ಫೋನ್ ಮಾಡುವವರು ಯಾರು? ತುಂಡಾದ ಬೆರಳನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲೆ ಇಡಬೇಕು. ಐಸಿಗೆ ನೇರ ತಾಗಿಸಬಾರದು. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಫಸ್ಟ್ ಏಡ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ಬೆರಳು ಜೋಡಿಸುವ ಮೈಕ್ರೋ ಸರ್ಜರಿ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿ ಅದರ ಹೆಸರನ್ನೂ ಅಲ್ಲೇ ಬರೆದಿಡಿ.

ಕಾಗದ ಪತ್ರ

ಸದಸ್ಯರಿಂದ ಒಪ್ಪಿಗೆ ಪತ್ರ ತೆಗೆದುಕೊಳ್ಳಿ, ಕನ್ನಡದಲ್ಲೂ ಇರಲಿ. ಆದರೆ ಅದೊಂದಿದ್ದರೆ ನಮ್ಮ ಜವಾಬ್ದಾರಿ ಮುಗಿಯಿತು ಅಂತ ತಿಳಿಯಬೇಡಿ. 18 ತುಂಬದವರ ಸಹಿಗೆ 1872ರ ಕರಾರು ಕಾಯ್ದೆಯ ಪ್ರಕಾರ ಬೆಲೆಯೇ ಇಲ್ಲ. ನಮ್ಮಲ್ಲಿ ಅವರಿಗೆ ಗೀಟು ಬಿದ್ದ ಮಷೀನುಗಳ ಕಾರ್ಡ್ ಕೊಡುವುದಿಲ್ಲ, ಅಪ್ಪ ಅಮ್ಮ ಬಂದು ಎಷ್ಟು ಕೇಳಿದರೂ. ಲಾಗಿನಲ್ಲಿ ಹೆಸರು, ಮಷೀನು, ಹೊತ್ತು ಮೂರೇ ಇರಲಿ, ಆರು ತಿಂಗಳಿಗೆ ಅಳಿಸಿಬಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಡದ್ದನ್ನು ಕೂಡಿಡದಿರುವುದೇ ಕ್ಷೇಮ. ಇದರ ಜೊತೆಗೆ "ಸ್ವಲ್ಪದರಲ್ಲಿ ತಪ್ಪಿತು" ಅಂತ ಒಂದು ಪುಸ್ತಕ ಇಟ್ಟಿದ್ದೇವೆ. ಅದರಲ್ಲಿ ಯಾರೂ ಹೆಸರು ಬರೆಯಬೇಕಿಲ್ಲ. ಪಾಠದಲ್ಲಿ ಮಾಡಿಡುವ ಮೂರನೇ ತಪ್ಪನ್ನು ಮೇಷ್ಟ್ರು ಆ ಪುಸ್ತಕದಿಂದಲೇ ಆರಿಸುತ್ತಾರೆ.

ವರ್ಷಕ್ಕೆ ಒಂದು ದಿನ

ಆಯುಧಪೂಜೆ ದಿನ ಎಲ್ಲ ಬೀಗವೂ ಸಡಿಲವಾಗುತ್ತದೆ. ಮನೆಮಂದಿ ಬರುತ್ತಾರೆ, ಮಕ್ಕಳು ಓಡಾಡುತ್ತವೆ, ಪ್ರತಿ ಮಷೀನಿಗೂ ಚೆಂಡುಹೂವಿನ ಹಾರ. ಎರಡು ವರ್ಷದ ಹಿಂದೆ ಡ್ರಿಲ್ಲಿಂಗ್ ಮಷೀನಿನ ಚಕ್ಕಿಗೇ ಹಾರ ಸುತ್ತಿದ್ದರು. ಪೂಜೆಯಾದ ಮೇಲೆ ಒಂದು ಸಲ ಓಡಿಸಿ ತೋರಿಸೋಣ ಅಂತ ಒಬ್ಬರು ಹಸಿರು ಒತ್ತಿದರು. ಹೂವೆಲ್ಲ ಚೆಲ್ಲಾಪಿಲ್ಲಿ, ಹಾರದ ದಾರ ಚಾಟಿಯ ಹಾಗೆ ಬೀಸಿತು. ಪಕ್ಕದಲ್ಲಿ ಒಂದು ಮಗು ನಿಂತಿತ್ತು.

ಈಗ ಹಿಂದಿನ ಸಂಜೆಯೇ ಮೇನ್ ಐಸೊಲೇಟರಿಗೆ ಬೀಗ ಹಾಕಿ ಕೈಯನ್ನು ಮೇಷ್ಟ್ರಿಗೆ ಕೊಡುತ್ತೇವೆ. ಹಾರ ಮಷೀನಿನ ಮೈಗೆ ಮಾತ್ರ, ತಿರುಗುವ ಯಾವ ಭಾಗಕ್ಕೂ ಇಲ್ಲ. ಅರಿಸಿನ ಕುಂಕುಮ ರೀಡರಿನ ಮೇಲೆ ಬೇಡ. ಮಾರನೇ ದಿನ ಎಲ್ಲ ಹಾರ ತೆಗೆದು, ಚಕ್ಕು, ಬ್ಲೇಡು, ಸ್ಪಿಂಡಲ್ ಒಂದೊಂದನ್ನೂ ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದ ಮೇಲೆ ಮೇಷ್ಟ್ರು ಜೇಬಿನಿಂದ ಬೀಗದ ಕೈ ತೆಗೆಯುತ್ತಾರೆ.